ಕೆಟಲಿಗೆ ಕೊಡುವ ಹಣ ಯಾವುದಕ್ಕೆ?

ಬೆಂಗಳೂರಿನ ಮಧ್ಯಮ ವರ್ಗದ ಅಡುಗೆಮನೆಗಳಲ್ಲಿ ಕಳೆದ ಒಂದು ದಶಕದಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆದಿದೆ. ಹಿತ್ತಾಳೆಯ ಅಥವಾ ಸ್ಟೀಲಿನ ಕಾಫಿ ಫಿಲ್ಟರಿನ ಪಕ್ಕದಲ್ಲಿ ಈಗ ಗಾಜಿನದೋ ಪಿಂಗಾಣಿಯದೋ ಒಂದು ಶಂಕು, ಅದರೊಳಗೆ ಕೂರುವ ಕಾಗದದ ಸೋಸುಹಾಳೆಗಳ ಕಟ್ಟು ಹಾಗೂ ಒಂದು ಪುಟ್ಟ ತೂಕದ ಯಂತ್ರ ಜಾಗ ಪಡೆಯತೊಡಗಿವೆ. ಹಾಲು, ಸಕ್ಕರೆ, ಚಿಕೋರಿಗಳ ನೆರವಿಲ್ಲದೆ ಕಾಫಿಯನ್ನು ಅದರ ಸ್ವಂತ ರುಚಿಗಾಗಿಯೇ ಕುಡಿಯುವ ಈ ಪದ್ಧತಿಗೆ ಪೋರ್-ಓವರ್ ಎಂದು ಹೆಸರು. ಇದರ ಜೊತೆಗೆ ಬಂದ ಇನ್ನೊಂದು ಸಾಧನವೆಂದರೆ ಗೂಸ್‌ನೆಕ್ ಕೆಟಲ್. ಹೆಬ್ಬಾತಿನ ಕೊರಳಿನಂತೆ ಬಳುಕಿದ, ತೆಳ್ಳನೆಯ ಮೂತಿಯುಳ್ಳ, ವಿದ್ಯುತ್ತಿನಿಂದ ನೀರು ಕಾಯಿಸುವ ಪಾತ್ರೆ ಅದು.

ಈ ಕೆಟಲಿನ ಬೆಲೆಯೇ ಒಂದು ಒಗಟು. ನೀರು ಕಾಯಿಸಿ ಸಣ್ಣಗೆ ಸುರಿಯುವುದಷ್ಟೇ ಇದರ ಕೆಲಸ. ಆ ಕೆಲಸ ಮಾಡುವ ಒಂದು ಕೆಟಲಿಗೆ ಕೆಲವೇ ಸಾವಿರ ರೂಪಾಯಿ. ಇನ್ನೊಂದಕ್ಕೆ ಐದಂಕಿಯ ಬೆಲೆ. ಅಮೆರಿಕದ ಫೆಲೋ ಕಂಪನಿಯ ಹೆಸರಾಂತ ‘ಸ್ಟ್ಯಾಗ್’ ಕೆಟಲಿಗೆ ಅಲ್ಲಿಯೇ 150 ಡಾಲರಿಗೂ ಹೆಚ್ಚು ತೆರಬೇಕು. ಇಷ್ಟು ದೊಡ್ಡ ಅಂತರದಲ್ಲಿ ಗ್ರಾಹಕ ನಿಜವಾಗಿ ಕೊಳ್ಳುತ್ತಿರುವುದೇನು? ಕಾಫಿಯ ರುಚಿಯನ್ನೇ, ಅನುಕೂಲವನ್ನೇ ಅಥವಾ ಅಡುಗೆಕಟ್ಟೆಯ ಮೇಲಿನ ಶೋಭೆಯನ್ನೇ? ಇದು ಕೇವಲ ಹವ್ಯಾಸಿಗಳ ಚರ್ಚೆ ಎಂದು ತಳ್ಳಿಹಾಕುವಂತಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಕಾಫಿಗೆಂದು ಎತ್ತಿಟ್ಟ ಹಣ ಕಾಳಿಗೆ ಎಷ್ಟು, ಪಾತ್ರೆಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ ನಮಗೆ ಇತರರಿಗಿಂತ ಹೆಚ್ಚು ಮುಖ್ಯ.

ಮೊದಲು ಈ ಪದ್ಧತಿಯ ಹಿನ್ನೆಲೆಯನ್ನು ನೋಡೋಣ. ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಗದದ ಕಾಫಿ ಶೋಧಕಕ್ಕೆ ಹಕ್ಕುಸ್ವಾಮ್ಯ ಪಡೆದರು. ಬಟ್ಟಲಿನ ತಳದಲ್ಲಿ ಉಳಿಯುವ ಗಸಿಯನ್ನೂ ಅತಿಯಾದ ಕಹಿಯನ್ನೂ ತಪ್ಪಿಸುವುದು ಅವರ ಉದ್ದೇಶವಾಗಿತ್ತು. ಮುಂದೆ ಜಪಾನಿನ ಕಾಫಿ ಮನೆಗಳು ಕೈಯಿಂದ ನಿಧಾನವಾಗಿ ನೀರು ಸುರಿಯುವುದನ್ನು ಒಂದು ಕುಶಲ ವಿದ್ಯೆಯಾಗಿ ಬೆಳೆಸಿದವು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ವಿ60’ ಶಂಕು ಶಾಖ ತಾಳುವ ಗಾಜಿಗೆ ಹೆಸರಾದ ಜಪಾನಿನ ಹಾರಿಯೋ ಸಂಸ್ಥೆಯದು. ಅದರ ಗೋಡೆಗಳ ನಡುವಿನ 60 ಡಿಗ್ರಿ ಕೋನವೇ ಹೆಸರಿನ ಮೂಲ. ತೆಳು ಕೊರಳಿನ ಕೆಟಲ್ ಪ್ರಚಾರಕ್ಕೆ ಬಂದದ್ದು ಈ ಶಂಕುವಿನ ಬೆನ್ನಿಗೇ.

ತೆಳು ಕೊರಳು ಏಕೆ ಬೇಕು ಎಂಬುದನ್ನು ನಮ್ಮ ಮನೆಯ ಫಿಲ್ಟರಿನೊಂದಿಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ಫಿಲ್ಟರಿನಲ್ಲಿ ಪುಡಿಯ ಮೇಲೆ ಒಂದು ತೂತುಬಿಲ್ಲೆ ಇರುತ್ತದೆ. ಕುದಿನೀರನ್ನು ಒಮ್ಮೆಗೇ ಸುರಿದರೂ ಆ ಬಿಲ್ಲೆ ನೀರಿನ ರಭಸವನ್ನು ಮುರಿದು ಎಲ್ಲೆಡೆಗೂ ಹಂಚುತ್ತದೆ. ಆಮೇಲೆ ಡಿಕಾಕ್ಷನ್ ತನ್ನ ಪಾಡಿಗೆ ತೊಟ್ಟಿಕ್ಕುತ್ತದೆ; ಸುರಿದವರ ಕೈಗೆ ಕೆಲಸವಿಲ್ಲ. ಶಂಕುವಿನಲ್ಲಿ ಇಂಥ ಬಿಲ್ಲೆಯಿಲ್ಲ. ಸಾಮಾನ್ಯವಾಗಿ 15 ಗ್ರಾಂ ಪುಡಿಗೆ ಸುಮಾರು 250 ಮಿಲಿಲೀಟರ್ ನೀರನ್ನು ಎರಡೂವರೆ, ಮೂರು ನಿಮಿಷಗಳಲ್ಲಿ ಕಂತುಕಂತಾಗಿ ಹಾಯಿಸಬೇಕು. ಮೊದಲ ಕಂತು ಪುಡಿಯ ತೂಕದ ಎರಡರಷ್ಟು ಮಾತ್ರ. ಹೊಸದಾಗಿ ಹುರಿದ ಕಾಫಿಯಲ್ಲಿ ಅಡಗಿದ ಇಂಗಾಲದ ಡೈಆಕ್ಸೈಡ್ ಆಗ ಹೊರಬಂದು ಪುಡಿ ಉಬ್ಬುತ್ತದೆ. ಅರ್ಧ ನಿಮಿಷ ತಾಳಿ, ಉಳಿದ ನೀರನ್ನು ಸುತ್ತಿಸುತ್ತಾ ಹನಿಸಬೇಕು. ಸಾಧಾರಣ ಕೆಟಲಿನ ಅಗಲ ಬಾಯಿಯಿಂದ ನೀರು ದೊಪ್ಪನೆ ಬಿದ್ದರೆ ಪುಡಿಯ ಹಾಸಿನಲ್ಲಿ ಹಳ್ಳ ಬಿದ್ದು, ನೀರು ಸುಲಭದ ದಾರಿ ಹಿಡಿದು ಇಳಿದುಹೋಗುತ್ತದೆ. ಒಂದು ಕಡೆಯ ಪುಡಿಯಿಂದ ಬೇಡದ ಕಹಿಯೂ ಬರುತ್ತದೆ, ಇನ್ನೊಂದು ಕಡೆಯದು ಸಾರ ಬಿಡದೆಯೇ ಉಳಿಯುತ್ತದೆ.

ಸಣ್ಣ ಧಾರೆಯ ಮಹತ್ವ ನಮ್ಮ ಹಿರಿಯರಿಗೆ ಹೊಸದೇನಲ್ಲ. ಕರಾವಳಿ, ಮಲೆನಾಡಿನ ಮನೆಗಳ ಗಿಂಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಷ್ಟು ಬಾಗಿಸಿದರೆ ಎಷ್ಟು ನೀರು ಎಂಬುದನ್ನು ಕೈ ತಾನಾಗಿಯೇ ಅರಿಯುವಂತೆ ಅದರ ನಳಿಕೆಯನ್ನು ಕಂಚುಗಾರ ರೂಪಿಸಿರುತ್ತಾನೆ. ಗೂಸ್‌ನೆಕ್ ಕೆಟಲಿನ ಮರ್ಮವೂ ಇಷ್ಟೇ. ಇದಕ್ಕೆ ಈಗ ವಿಜ್ಞಾನದ ಬೆಂಬಲವೂ ದೊರೆತಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗೂಸ್‌ನೆಕ್ ಕೆಟಲಿನ ಧಾರೆಯನ್ನೇ ಪರೀಕ್ಷೆಗೆ ಒಳಪಡಿಸಿತು. ಹನಿಹನಿಯಾಗಿ ಒಡೆಯದ ಅಖಂಡ ಧಾರೆಯನ್ನು ತುಸು ಎತ್ತರದಿಂದ ಸುರಿದರೆ ಅದು ಪುಡಿಯ ಹಾಸನ್ನು ಕೊರೆದು, ಕಣಗಳು ಕುಸಿಯುತ್ತಾ ಮೇಲೇಳುತ್ತಾ ಚೆನ್ನಾಗಿ ಬೆರೆಯುತ್ತವೆ. ಹೀಗಾಗಿ ಕಡಿಮೆ ಪುಡಿಯಿಂದಲೇ ಅಷ್ಟೇ ಸಾರ ಪಡೆಯಲು ಸಾಧ್ಯ ಎಂಬುದು ಅವರ ನಿಲುವು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ದರ 2025ರ ಫೆಬ್ರವರಿಯಲ್ಲಿ ಪೌಂಡಿಗೆ ನಾಲ್ಕು ಡಾಲರ್ ದಾಟಿದ್ದನ್ನು ನೆನೆದರೆ, ಪುಡಿಯ ಉಳಿತಾಯ ಸಣ್ಣ ಮಾತಲ್ಲ.

ಅಂದರೆ ಕೆಟಲಿನ ಕೊರಳಿಗೆ ಹಣ ಕೊಡುವುದರಲ್ಲಿ ಅರ್ಥವಿದೆ. ಆದರೆ ಬೆಲೆ ಏರುವುದು ಕೊರಳಿನಿಂದಲ್ಲ. ಉಷ್ಣಾಂಶವನ್ನು ಒಂದೊಂದೇ ಡಿಗ್ರಿಯ ಲೆಕ್ಕದಲ್ಲಿ ನಿಗದಿಪಡಿಸುವ ಗುಂಡಿ, ಹೊಳೆಯುವ ಅಂಕಿಯ ಫಲಕ, ಗಂಟೆಗಟ್ಟಲೆ ನೀರನ್ನು ಅದೇ ಬಿಸಿಯಲ್ಲಿ ಕಾಯ್ದಿಡುವ ವ್ಯವಸ್ಥೆ, ಮೊಬೈಲ್ ಫೋನಿನ ಸಂಪರ್ಕ ಇವು ಸೇರಿದಂತೆಲ್ಲ ಬೆಲೆ ಮೇಲಕ್ಕೇರುತ್ತದೆ. ಮಾರಾಟಗಾರರ ಮಾತಿನಲ್ಲಿ ಉಷ್ಣಾಂಶ ನಿಯಂತ್ರಣವಿಲ್ಲದ ಕೆಟಲಿನಿಂದ ಒಳ್ಳೆಯ ಕಾಫಿಯೇ ಅಸಾಧ್ಯ. ಈ ಮಾತನ್ನು ಪ್ರಶ್ನಿಸಬೇಕಾದ ಅಗತ್ಯವಿದೆ, ಅದರಲ್ಲೂ ಬೆಂಗಳೂರಿನಲ್ಲಿ.

ಕಾಫಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ನೀರಿನ ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುವುದರಿಂದ ಅದನ್ನು ತಗ್ಗಿಸಬೇಕು ಎಂಬ ಎಣಿಕೆ ಅಲ್ಲಿ ಹುಟ್ಟಿದೆ. ಆದರೆ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗಿ ಕುದಿಬಿಂದುವೂ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಷ್ಟು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಮಡಿಕೇರಿಯಲ್ಲಿ ಅದು ಸುಮಾರು 96. ಕುದಿದ ಕೆಟಲನ್ನು ಪೀಠದಿಂದ ಎತ್ತಿ, ಮುಚ್ಚಳ ತೆರೆದು ಅರ್ಧ ನಿಮಿಷ ಬಿಟ್ಟರೆ ಸಾಕು, ನೀರು ಬೇಕಾದ ವ್ಯಾಪ್ತಿಗೆ ತಾನೇ ಇಳಿದುಬರುತ್ತದೆ. ಮಂಗಳೂರು, ಮುಂಬೈಗಳ ನಿವಾಸಿಗಳು ಇನ್ನೊಂದಿಷ್ಟು ಹೊತ್ತು ಕಾಯಬೇಕಾದೀತು. ದಖನ್ ಪ್ರಸ್ಥಭೂಮಿ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸಕ್ಕೆ ಬೆಂಗಳೂರಿನ ಗ್ರಾಹಕ ಸಾವಿರಾರು ರೂಪಾಯಿ ಏಕೆ ತೆರಬೇಕು?

ಇನ್ನೊಂದು ಸಂಗತಿಯೂ ಗಮನಾರ್ಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2020ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 87, 90 ಮತ್ತು 93 ಡಿಗ್ರಿಗಳಲ್ಲಿ ತಯಾರಿಸಿದ ಕಾಫಿಗಳನ್ನು ತರಬೇತಿ ಪಡೆದ ರುಚಿಪರೀಕ್ಷಕರ ಮುಂದಿಟ್ಟಾಗ, ಕಾಫಿಯ ಗಾಢತೆ ಮತ್ತು ಪುಡಿಯಿಂದ ಇಳಿದ ಸಾರದ ಪ್ರಮಾಣ ಒಂದೇ ಆಗಿರುವವರೆಗೆ ನೀರಿನ ಬಿಸಿಯಿಂದ ರುಚಿಯಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ ಎಂಬುದು ಕಂಡುಬಂತು. ಇದರ ಅರ್ಥ ಬಿಸಿಗೆ ಬೆಲೆಯೇ ಇಲ್ಲವೆಂದಲ್ಲ. ಹೆಚ್ಚು ಬಿಸಿಯ ನೀರು ಬೇಗ ಸಾರ ಎಳೆಯುತ್ತದೆ, ಕಡಿಮೆ ಬಿಸಿಯದು ನಿಧಾನ. ಆದರೆ ಆ ಕೊರತೆಯನ್ನು ಪುಡಿಯನ್ನು ತುಸು ನಯವಾಗಿ ಬೀಸುವುದರಿಂದಲೋ ನೀರಿನ ಪ್ರಮಾಣವನ್ನು ಹೊಂದಿಸುವುದರಿಂದಲೋ ತುಂಬಿಕೊಳ್ಳಬಹುದು. ಎರಡು ಡಿಗ್ರಿಯ ಏರಿಳಿತಕ್ಕೆ ಕಾಫಿ ಕೆಡುತ್ತದೆ ಎಂಬ ಭಯ ಅನಗತ್ಯ. ಅಷ್ಟಕ್ಕೂ ಫಲಕ ತೋರಿಸುವುದು ಕೆಟಲಿನೊಳಗಿನ ಬಿಸಿಯನ್ನು. ಗಾಳಿಯಲ್ಲಿ ಎಳೆಯಾಗಿ ಇಳಿದು ತಣ್ಣನೆಯ ಶಂಕುವನ್ನು ಮುಟ್ಟುವ ಹೊತ್ತಿಗೆ ನೀರು ಇನ್ನೂ ಕೆಲವು ಡಿಗ್ರಿ ಕಳೆದುಕೊಂಡಿರುತ್ತದೆ.

ಉಷ್ಣಾಂಶ ನಿಯಂತ್ರಣ ಯಾರಿಗೂ ಬೇಡ ಎಂದು ವಾದಿಸುವುದು ಸರಿಯಾಗಲಾರದು. ಅದೇ ಕೆಟಲಿನಲ್ಲಿ 70–80 ಡಿಗ್ರಿ ನೀರು ಬೇಡುವ ಹಸಿರು ಚಹಾ ಮಾಡುವವರಿಗೆ, ಎಳೆಹದಕ್ಕೆ ಹುರಿದ ಕಾಳು, ಕಪ್ಪಗೆ ಹುರಿದ ಕಾಳು ಎರಡನ್ನೂ ಬಳಸುವವರಿಗೆ, ಬೆಳಗಿನಿಂದ ನಾಲ್ಕಾರು ಜನಕ್ಕೆ ಬಿಡಿಬಿಡಿಯಾಗಿ ಕಾಫಿ ಮಾಡಿಕೊಡಬೇಕಾದವರಿಗೆ ಅದು ನಿಜವಾದ ಅನುಕೂಲ. ಅಂಥವರು ಐದು ಡಿಗ್ರಿಯ ಅಂತರದ ನಾಲ್ಕಾರು ಗುಂಡಿಗಳಿರುವ ಮಧ್ಯಮ ಬೆಲೆಯ ಕೆಟಲಿನಿಂದ ತೃಪ್ತರಾಗಬಹುದು. ದಿನಕ್ಕೆ ಒಂದೆರಡು ಬಟ್ಟಲು ಕುಡಿಯುವ ಮನೆಗೆ ಮಾತ್ರ ಅದು ಅನುಕೂಲವೇ ಹೊರತು ಅಗತ್ಯವಲ್ಲ. ಹಾಲು ಬೆರೆಸಿದ ಫಿಲ್ಟರ್ ಕಾಫಿಯಲ್ಲೇ ಸಂತೃಪ್ತರಾದವರಿಗಂತೂ ಈ ಕೆಟಲೇ ಬೇಕಿಲ್ಲ.

ಹಾಗಾದರೆ ಕೈಗೆಟಕುವ ಬೆಲೆಯ ಕೆಟಲಿನಲ್ಲಿ ಏನನ್ನು ನೋಡಬೇಕು? ಮೊದಲನೆಯದು ಧಾರೆ. ಅಂಗಡಿಯಲ್ಲಾದರೆ ನೀರು ತುಂಬಿಸಿ ಸುರಿದು ನೋಡಲು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅಂಚೆಯಲ್ಲಿ ತರಿಸಿದರೆ ಹಿಂದಿರುಗಿಸುವ ಗಡುವಿನೊಳಗೆ ಈ ಪರೀಕ್ಷೆ ಮಾಡಬೇಕು. ಕಾಲು ಲೀಟರ್ ನೀರನ್ನು ಒಂದು ನಿಮಿಷದವರೆಗೆ ಎಳೆ ತುಂಡಾಗದಂತೆ, ಮೂತಿಯ ಕೆಳಗೆ ಸೋರದಂತೆ ಸುರಿಯಲು ಸಾಧ್ಯವಾದರೆ ಕೊರಳು ಸರಿಯಾಗಿದೆ ಎಂದರ್ಥ. ಕೊರಳು ಪಾತ್ರೆಯ ತಳಭಾಗದಿಂದ ಹೊರಟು ಮೇಲೇರಿರಬೇಕು. ತುಂಬಿದ ಕೆಟಲ್ ಎತ್ತಿದಾಗ ಮುಂದಕ್ಕೆ ವಾಲದೆ ಮಣಿಕಟ್ಟಿಗೆ ಹಿತವಾಗಿರಬೇಕು. ವಯಸ್ಸಾದವರಿಗೆ ಇದು ಮುಖ್ಯ. ಇಬ್ಬರ ಮನೆಗೆ 600ರಿಂದ 900 ಮಿಲಿಲೀಟರಿನ ಪಾತ್ರೆ ಧಾರಾಳ. ಒಂದೂವರೆ ಲೀಟರಿನದು ತೂಕವನ್ನಷ್ಟೇ ಹೆಚ್ಚಿಸುತ್ತದೆ.

ಎರಡನೆಯದು ಸುರಕ್ಷತೆ. ಐಎಸ್‌ಐ ಮುದ್ರೆ ಇದೆಯೇ, ನೀರು ಮುಟ್ಟುವ ಭಾಗವೆಲ್ಲ ಆಹಾರಕ್ಕೆ ಯೋಗ್ಯವಾದ ಸ್ಟೀಲಿನದೇ, ನೀರು ಬತ್ತಿದಾಗ ತಾನೇ ಆರುವ ಏರ್ಪಾಡಿದೆಯೇ ಎಂದು ಪರಿಶೀಲಿಸಬೇಕು. ಸಾದಾ ಕೆಟಲಿನಲ್ಲಿ ಕುದಿಯುವ ನೀರಿನ ಆವಿ ತಾಗಿ ದ್ವಿಲೋಹದ ಪುಟ್ಟ ಬಿಲ್ಲೆಯೊಂದು ಬಾಗಿದಾಗ ವಿದ್ಯುತ್ ಕಡಿತಗೊಳ್ಳುತ್ತದೆ. ಮುಚ್ಚಳ ಸಡಿಲವಾದರೆ ಆವಿ ಅಲ್ಲಿಗೆ ತಲುಪದೆ ನೀರು ಕುದಿಯುತ್ತಲೇ ಇರುತ್ತದೆ. ಸುರಿಯಲು ಬಾಗಿಸಿದಾಗ ಮುಚ್ಚಳ ಬೀಳುವ ಕೆಟಲಿನಿಂದ ಕೈ ಸುಟ್ಟುಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಮುಚ್ಚಳ ಬಿಗಿಯಾಗಿ ಕೂರಬೇಕು.

ಮೂರನೆಯದು ವಿದ್ಯುತ್ತಿನ ಲೆಕ್ಕ. 1000 ವಾಟಿನ ಕೆಟಲ್ ನಮ್ಮ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಸಾಮಾನ್ಯ ಸಣ್ಣ ಸಾಕೆಟ್ ಸಾಕು. 1500 ವಾಟಿನದು 6.5 ಆಂಪಿಯರ್ ಎಳೆಯುವುದರಿಂದ ಅದಕ್ಕೆ ದೊಡ್ಡ ಪವರ್ ಪ್ಲಗ್ಗೇ ಬೇಕು. ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಇದನ್ನು ನೋಡಿಕೊಳ್ಳದಿದ್ದರೆ ಸಾಕೆಟ್ ಸುಡುವ ಅಪಾಯವಿದೆ. ಖರ್ಚಿನ ಚಿಂತೆ ಬೇಡ: 600 ಮಿಲಿಲೀಟರ್ ನೀರು ಕುದಿಸಲು ಒಂದು ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗದಷ್ಟು ವಿದ್ಯುತ್ ಸಾಕು. ವಿದೇಶದಲ್ಲಿರುವ ಮಕ್ಕಳು, ನೆಂಟರು ಪ್ರೀತಿಯಿಂದ ತಂದುಕೊಡುವ ಕೆಟಲುಗಳ ಬಗ್ಗೆಯೂ ಎಚ್ಚರ ಅಗತ್ಯ. ಅಮೆರಿಕದ 120 ವೋಲ್ಟಿನ ಕೆಟಲನ್ನು ಇಲ್ಲಿ ಚುಚ್ಚಿದರೆ ಅದರ ಸುರುಳಿ ಮೂರೂವರೆ ಪಟ್ಟಿಗೂ ಮೀರಿದ ಶಕ್ತಿ ಎಳೆಯತೊಡಗಿ ಸುಟ್ಟುಹೋಗುತ್ತದೆ. ಜಪಾನಿನ 100 ವೋಲ್ಟಿನ ಕೆಟಲಿನ ಗತಿ ಇನ್ನೂ ಬೇಗ ಮುಗಿಯುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಗುವ ಅಡಾಪ್ಟರ್ ಪ್ಲಗ್ಗಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ನಾಲ್ಕನೆಯದು ನೀರು. ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ನಂಬಿದ ಬಡಾವಣೆಗಳಲ್ಲಿ ಗಡಸು ನೀರಿನ ಬಿಳಿಯ ಪರೆ ಯಾವ ಪಾತ್ರೆಯನ್ನೂ ಬಿಡುವುದಿಲ್ಲ. ತಳವನ್ನು ಉಜ್ಜಬಹುದು, ತೆಳು ಕೊರಳಿನೊಳಗೆ ಕೈ ಹೋಗದು. ಕೆಟಲಿನಲ್ಲಿ ಸ್ವಲ್ಪ ನಿಂಬೆ ಉಪ್ಪು ಕದಡಿದ ನೀರನ್ನು ಆಗಾಗ ಕಾಯಿಸಿ, ಕೊರಳಿನ ಮೂಲಕವೇ ಹೊರಸುರಿದು ತೊಳೆಯುವುದು ಉತ್ತಮ ಉಪಾಯ. ಪರೆ ಕಟ್ಟಿದ ದುಬಾರಿ ಕೆಟಲಿಗಿಂತ ಶುಚಿಯಾದ ಅಗ್ಗದ ಕೆಟಲ್ ಮೇಲು.

ಇದಕ್ಕಿಂತಲೂ ಕಡಿಮೆ ಖರ್ಚಿನ ದಾರಿಯೊಂದಿದೆ. ವಿದ್ಯುತ್ ಭಾಗವೇ ಇಲ್ಲದ, ಒಲೆಯ ಮೇಲಿಡುವ ಸ್ಟೀಲಿನ ಗೂಸ್‌ನೆಕ್ ಪಾತ್ರೆಗಳು ಮಾರುಕಟ್ಟೆಯಲ್ಲಿವೆ. ಮನೆಯಲ್ಲಿ ಈಗಾಗಲೇ ಸಾಧಾರಣ ವಿದ್ಯುತ್ ಕೆಟಲ್ ಇದ್ದರೆ ಅದರಲ್ಲಿ ಕುದಿಸಿ, ಮೊದಲೇ ಬಿಸಿನೀರಿನಲ್ಲಿ ತೊಳೆದು ಬೆಚ್ಚಗಾಗಿಸಿದ ಈ ಪಾತ್ರೆಗೆ ವರ್ಗಾಯಿಸಬಹುದು. ಇಲ್ಲಿ ನೀರಿನ ಬಿಸಿ ಒಂದಷ್ಟು ತಗ್ಗುತ್ತದೆ ನಿಜ. ಡೇವಿಸ್ ಪ್ರಯೋಗವನ್ನು ನೋಡಿದರೆ ಅದು ದೊಡ್ಡ ನಷ್ಟವೇನಲ್ಲ. ಇಂಡಕ್ಷನ್ ಒಲೆಯ ಮೇಲೆ ಇಡುವ ಉದ್ದೇಶವಿದ್ದರೆ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ನೋಡಿ ಕೊಳ್ಳಬೇಕು. ವಿದ್ಯುತ್ ಭಾಗವಿಲ್ಲದ ಪಾತ್ರೆ ಕೆಡುವ ಪ್ರಶ್ನೆಯೇ ಬಾರದು. ಅದು ಹತ್ತಿಪ್ಪತ್ತು ವರ್ಷ ಬಾಳಬಲ್ಲದು.

ಬಾಳಿಕೆಯ ಮಾತು ಬಂದಾಗ ಮಾರಾಟಗಾರರ ಹೊಣೆಯನ್ನೂ ಕೇಳಬೇಕಾಗುತ್ತದೆ. ಒಂದೇ ಅಚ್ಚಿನಿಂದ ಬಂದಂತೆ ಕಾಣುವ ಕೆಟಲುಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರಾಟವಾಗುತ್ತಿವೆ. ಎಷ್ಟು ಬಣ್ಣಗಳಲ್ಲಿ ಸಿಗುತ್ತದೆ ಎಂಬುದನ್ನು ದೊಡ್ಡದಾಗಿ ಹೇಳುವ ಜಾಹೀರಾತುಗಳು, ಪೀಠದ ಸಂಪರ್ಕ ಕೆಟ್ಟರೆ ಅಥವಾ ಸ್ವಿಚ್ಚು ಮುರಿದರೆ ಬದಲಿ ಭಾಗ ಎಲ್ಲಿ ದೊರೆಯುತ್ತದೆ ಎಂಬುದನ್ನು ಹೇಳುವುದೇ ಇಲ್ಲ. ಅಂಕಿಯ ಫಲಕದ ಕೆಟಲುಗಳಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ದ್ವಿಲೋಹದ ಸ್ವಿಚ್ಚನ್ನು ಮೂಲೆಯ ರಿಪೇರಿ ಅಂಗಡಿಯವರು ಬದಲಿಸಿಯಾರು. ವಿದ್ಯುನ್ಮಾನ ಹಲಗೆ ಸತ್ತರೆ ಇಡೀ ಕೆಟಲ್ ತಿಪ್ಪೆಗೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿದ್ದು ಈ ದಿಕ್ಕಿನಲ್ಲಿ ಸ್ವಾಗತಾರ್ಹ ಹೆಜ್ಜೆ. ಪೊಟ್ಟಣದ ಮೇಲೆ ತಯಾರಾದ ದೇಶ, ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂಬ ನಿಯಮವೂ ಇದೆ. ಅದರ ಜೊತೆಗೆ ಬಿಡಿಭಾಗ ಎಷ್ಟು ವರ್ಷ ಲಭ್ಯ, ದುರಸ್ತಿ ಎಲ್ಲಿ ಎಂಬ ವಿವರವನ್ನೂ ಸಣ್ಣ ಗೃಹೋಪಯೋಗಿ ಸಾಧನಗಳ ಪೊಟ್ಟಣದ ಮೇಲೆ ಕಡ್ಡಾಯಗೊಳಿಸಬೇಕು. ಹಾಗಾದಾಗ ಮಾತ್ರ ಅಗ್ಗ ಯಾವುದು, ದುಬಾರಿ ಯಾವುದು ಎಂಬುದನ್ನು ಗ್ರಾಹಕ ಸರಿಯಾಗಿ ಅಳೆಯಬಲ್ಲ.

ಕೊನೆಗೆ ಉಳಿತಾಯದ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಬಟ್ಟಲಿನ ರುಚಿಯನ್ನು ನಿರ್ಧರಿಸುವಲ್ಲಿ ಕಾಳಿನ ಗುಣ ಮತ್ತು ತಾಜಾತನಕ್ಕೆ ಮೊದಲ ಸ್ಥಾನ, ಒಂದೇ ಗಾತ್ರಕ್ಕೆ ಬೀಸುವ ಯಂತ್ರಕ್ಕೆ ಎರಡನೆಯದು. ಕೆಟಲಿನ ಸರದಿ ಆಮೇಲೆ. ಬಾಬಾಬುಡನ್ ತಂದರೆಂದು ಐತಿಹ್ಯ ಹೇಳುವ ಏಳು ಬೀಜಗಳಿಂದ ಮೊದಲಾದ ನಮ್ಮ ಕಾಫಿ ಇಂದು ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ನಿಗೆ ಬೆಳೆದಿದೆ. ಅದರಲ್ಲಿ ಬಹುಪಾಲು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತದೆ. ಬೆಳೆಗಾರರಲ್ಲಿ ಬಹುತೇಕರು ಸಣ್ಣ ಹಿಡುವಳಿದಾರರು. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳ ಹೆಸರನ್ನೂ ತಳಿಯನ್ನೂ ಹುರಿದ ದಿನಾಂಕವನ್ನೂ ಪೊಟ್ಟಣದ ಮೇಲೆ ನಮೂದಿಸಿ ಮಾರುವ ಪದ್ಧತಿ ಈಗ ನಮ್ಮಲ್ಲೂ ಬೆಳೆಯುತ್ತಿದೆ. ‘ಸೆಲೆಕ್ಷನ್ 795’ರಂಥ ನಮ್ಮದೇ ತಳಿಯನ್ನು ಹಾಲಿಲ್ಲದೆ ಸವಿಯಬಲ್ಲ ಗ್ರಾಹಕರು ಇಲ್ಲಿಯೇ ಹೆಚ್ಚಿದರೆ, ಒಳ್ಳೆಯ ಕಾಳಿಗೆ ಒಳ್ಳೆಯ ಬೆಲೆ ಪಡೆಯಲು ಬೆಳೆಗಾರ ವಿದೇಶದ ಕಡೆಗೇ ನೋಡಬೇಕಾಗಿಲ್ಲ.

ಐದಂಕಿಯ ಕೆಟಲಿಗೂ ಸಾಕಷ್ಟೇ ಆದ ಕೆಟಲಿಗೂ ಇರುವ ಬೆಲೆಯ ಅಂತರದಲ್ಲಿ ಒಂದು ಮನೆಗೆ ಹಲವು ತಿಂಗಳುಗಳ ಉತ್ತಮ ಕಾಫಿ ಬೀಜ ಬರುತ್ತದೆ. ಧಾರೆ ಸರಿಯಾಗಿರುವ, ಸುರಕ್ಷಿತವಾದ, ದುರಸ್ತಿಗೆ ಒದಗುವ ಒಂದು ಸಾದಾ ಕೆಟಲನ್ನು ಆರಿಸಿಕೊಂಡು ಉಳಿದ ಹಣವನ್ನು ಮಲೆನಾಡಿನ ತೋಟಗಳ ಕಡೆಗೆ ತಿರುಗಿಸುವುದು ನಾಲಿಗೆಗೂ ಹಿತ, ನಾಡಿಗೂ ಹಿತ.